ತಡಿಯಂಡಮೋಳ್ ಆಯ್ತು, ದೇಶದ ಅತಿ ಎತ್ತರದ ಶಿಖರ ಹತ್ತೋಕೆ ಏನು ಮಾಡಬೇಕು?

ಕಕ್ಕಬ್ಬೆ ಹುಡುಗ
ಎಲ್ಲರಿಗೂ ನಮಸ್ಕಾರ. ನಮ್ಮನೆ ಕೊಡಗಿನ ಕಕ್ಕಬ್ಬೆ ಹತ್ತಿರ, ತಡಿಯಂಡಮೋಳ್ ಬೆಟ್ಟ ನಮಗೆ ಹಿತ್ತಲಿದ್ದ ಹಾಗೆ. ನಾಲ್ಕುನಾಡು ಅರಮನೆಯಿಂದ ಹೊರಟ ಬೆಂಗಳೂರಿನವರು ದೊಡ್ಡ ಬಂಡೆ ಹತ್ತಿರ ಸುಸ್ತಾಗಿ ಕೂತಿರ್ತಾರೆ, ಅಷ್ಟೊತ್ತಿಗೆ ನಾನು ತುದಿ ಮುಟ್ಟಿ ಇಳೀತಿರ್ತೀನಿ. ಪುಷ್ಪಗಿರಿ, ಮುಳ್ಳಯ್ಯನಗಿರಿನೂ ಆಗಿದೆ. ಈಗ ಕಾಂಚನಜುಂಗಾ ತಲೆಗೆ ಹೊಕ್ಕಿದೆ. ಪರ್ಮಿಷನ್ ಎಲ್ಲಿ ತಗೋಬೇಕು? ಮುಂದಿನ ವರ್ಷವೇ ಆಗುತ್ತಾ? ಕಾಫಿ ಕುಯ್ಲಿನ ಹೊತ್ತಲ್ಲಿ ಮಾತ್ರ ತೋಟ ಬಿಟ್ಟು ಬರೋಕಾಗಲ್ಲ.

ನಿವೃತ್ತ ಸುಬೇದಾರ್, ಮಡಿಕೇರಿ
ತಮ್ಮಾ, ನಿನ್ನ ಕಾಲಿನ ಬಗ್ಗೆ ನನಗೆ ಅನುಮಾನ ಇಲ್ಲ. ಮೊದಲು ಪರ್ಮಿಷನ್ ವಿಷಯ ಮುಗಿಸ್ತೀನಿ.

ಕಾಂಚನಜುಂಗಾ 8586 ಮೀಟರ್, ನೇಪಾಳ-ಸಿಕ್ಕಿಂ ಗಡಿ ಮೇಲಿದೆ. (ಪಾಕಿಸ್ತಾನ ಹಿಡಿದಿಟ್ಟುಕೊಂಡಿರೋ ಕೆ2 ಶಿಖರ ಸೇರಿಸಿದ್ರೆ ದೇಶದ ಅತಿ ಎತ್ತರದ್ದು ಅದೇ, 8611. ಆ ಜಗಳ ಇಲ್ಲಿ ಬೇಡ.) ಸಿಕ್ಕಿಂ ಜನಕ್ಕೆ ಕಾಂಚನಜುಂಗಾ ದೇವರ ಬೆಟ್ಟ. 1955ರಲ್ಲಿ ಮೊದಲು ಹತ್ತಿದ ಜೋ ಬ್ರೌನ್, ಜಾರ್ಜ್ ಬ್ಯಾಂಡ್ ಕೂಡ ಕೊಟ್ಟ ಮಾತಿಗೆ ಕಟ್ಟುಬಿದ್ದು ತುದಿ ತುಳಿಯದೆ ಕೆಲವೇ ಅಡಿ ಕೆಳಗಿಂದ ವಾಪಸ್ ಬಂದ್ರು. 1977ರಲ್ಲಿ ಕರ್ನಲ್ ನರಿಂದರ್ ಕುಮಾರ್ ನೇತೃತ್ವದಲ್ಲಿ ನಮ್ಮ ಸೈನ್ಯದವರು ಸಿಕ್ಕಿಂ ಕಡೆಯಿಂದಲೇ ಏರಿದ್ರು. ಈಗ ಆ ಕಡೆಯಿಂದ ಹತ್ತೋದಕ್ಕೆ ಅಲ್ಲಿನ ಸರ್ಕಾರ ಬಿಡಲ್ಲ. ಹೋಗೋದಾದ್ರೆ ನೇಪಾಳದಿಂದ. ಪೂರ್ತಿ ನಮ್ಮ ನೆಲದೊಳಗೇ ಇರೋದ್ರಲ್ಲಿ ದೊಡ್ಡದು ನಂದಾದೇವಿ, 7816. ಅದರ ಒಳಗಿನ ಕಣಿವೆನೂ 1980ರ ದಶಕದಲ್ಲೇ ಮುಚ್ಚಿದ್ದಾರೆ.

ಈಗ ಅಸಲು ಮಾತು. ನೀನು ಬೇಗ ಹತ್ತುತ್ತೀಯಲ್ಲ, ಅಲ್ಲಿ ಅದೇ ಅಪಾಯ. ತಡಿಯಂಡಮೋಳ್ 1748 ಮೀಟರ್. ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿರೋದು ಗೊತ್ತೂ ಆಗಲ್ಲ. 5500ಕ್ಕೆ ಹೋದ್ರೆ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿಯುತ್ತೆ. ಲೇಹ್ ಇರೋದೇ 3500ರಲ್ಲಿ. ಅಲ್ಲಿ ವಿಮಾನ ಇಳಿದ ಜವಾನನಿಗೆ ಎತ್ತರಕ್ಕೆ ಮೈ ಒಗ್ಗಿಸೋ ಮೊದಲ ಹಂತ ಆರು ದಿನ, ಅದರಲ್ಲಿ ಎರಡು ದಿನ ಬರೀ ವಿಶ್ರಾಂತಿ. ಆಮೇಲೆ ನಿಧಾನ ನಡಿಗೆ, ಕೊನೆಗೆ ಸಣ್ಣ ಏರು. 3600 ದಾಟಿದ್ರೆ ಮತ್ತೆ ನಾಲ್ಕು ದಿನ, 4500 ದಾಟಿದ್ರೆ ಇನ್ನೂ ನಾಲ್ಕು. ನಮ್ಮ ಕಡೆಯ ಒಬ್ಬ ಹುಡುಗ, ಒಳ್ಳೆ ಹಾಕಿ ಆಟಗಾರ, ಎರಡನೇ ದಿನವೇ ಎರಡು ಕೈಯಲ್ಲಿ ನೀರಿನ ಕ್ಯಾನ್ ಹಿಡಿದು ಮೆಟ್ಟಿಲು ಹತ್ತಿದ. ಸಂಜೆಗೆ ತಲೆ ಹಿಡ್ಕೊಂಡು ಕೂತ, ಊಟದ ವಾಸನೆಗೇ ವಾಂತಿ. ಅದೇ ಬ್ಯಾರಕ್‌ನಲ್ಲಿ ಹೊಟ್ಟೆ ಬಂದ ಹವಾಲ್ದಾರ್ ಒಬ್ಬ ಆರಾಮಾಗಿ ಇಸ್ಪೀಟ್ ಆಡ್ತಿದ್ದ. ಈ ಎತ್ತರದ ಕಾಯಿಲೆ ಯಾರಿಗೆ ಬರುತ್ತೆ, ಯಾರಿಗೆ ಬರಲ್ಲ ಅಂತ ಮೈಕಟ್ಟು ನೋಡಿ ಹೇಳೋಕಾಗಲ್ಲ. ತಲೆನೋವಿದ್ರೆ ಮೇಲೆ ಹೋಗಬಾರದು, ಜಾಸ್ತಿ ಆದ್ರೆ ಇಳೀಬೇಕು.

ಮುಂದಿನ ವರ್ಷ ಪರ್ವತಾರೋಹಣದ ಬೇಸಿಕ್ ಕೋರ್ಸ್ ಮಾಡು. ಉತ್ತರಕಾಶಿ, ಡಾರ್ಜಿಲಿಂಗ್, ಮನಾಲಿ, ಮೂರೂ ಕಡೆ ಸರ್ಕಾರಿ ಸಂಸ್ಥೆಗಳಿವೆ. 'ಎ' ಗ್ರೇಡ್ ಬಂದ್ರೆ ಅಡ್ವಾನ್ಸ್. ಆಮೇಲೆ ಆರು ಸಾವಿರ ಮೀಟರಿನ ಶಿಖರ, ಏಳು ಸಾವಿರದ್ದು. ಎಂಟು ಸಾವಿರದ ಮಾತು ಅದಾದ ಮೇಲೆ.

ರೋಡ್ ಕಿಂಗ್ ಕುಶಾಲನಗರ
ನೇಪಾಳದಲ್ಲಿ ದುಡ್ಡು ಕೊಟ್ರೆ ಶೆರ್ಪಾಗಳು ಹಗ್ಗ ಕಟ್ಟಿ ಕರ್ಕೊಂಡು ಹೋಗ್ತಾರಂತೆ. ಕೋರ್ಸ್ ಯಾಕೆ?

ಸೋಮವಾರಪೇಟೆ ಸವಿತ
ಹಗ್ಗ ಅವರು ಕಟ್ತಾರೆ, ಅದನ್ನ ಹಿಡ್ಕೊಂಡು ಇಳಿಯೋದು ಯಾರು? ನಾನು ಬೇಸಿಕ್ ಮಾಡಿದ್ದೀನಿ, ಸುಮಾರು ನಾಲ್ಕು ವಾರದ್ದು. ಏರೋದಕ್ಕಿಂತ ನನಗೆ ಕಾಟ ಕೊಟ್ಟಿದ್ದು ಬೂಟು. ಅಡಿ ಮಡಚೋದೇ ಇಲ್ಲ. ಕ್ರಾಂಪಾನ್ (ಹಿಮದಲ್ಲಿ ಜಾರದ ಹಾಗೆ ಬೂಟಿನಡಿ ಕಟ್ಟೋ ಕಬ್ಬಿಣದ ಮುಳ್ಳು) ಕಟ್ಟಿದ ಮೇಲೆ ಕಾಲು ಅಗಲಿಸಿ ನಡೀಬೇಕು, ಇಲ್ಲಾಂದ್ರೆ ಒಂದು ಕಾಲಿನ ಮುಳ್ಳು ಇನ್ನೊಂದು ಕಾಲಿನ ಪ್ಯಾಂಟಿಗೆ ಸಿಕ್ಕಿ ಮುಗ್ಗರಿಸ್ತೀರಿ. ಇನ್ನೊಂದು, ದಪ್ಪ ಗ್ಲೋವ್ಸ್ ತೆಗೀದೆ ಒಂದೇ ಕೈಲಿ ಕ್ಯಾರಬಿನರ್ (ಹಗ್ಗ ಸಿಗಿಸೋ ಲೋಹದ ಕೊಂಡಿ) ಬಾಯಿ ಒತ್ತಿ ಹಗ್ಗ ಸಿಗಿಸೋದು. ಕಿಟಕಿ ಸರಳಿಗೆ ಹಗ್ಗ ಕಟ್ಟಿ ಮನೇಲೇ ಅಭ್ಯಾಸ ಮಾಡ್ಕೊಳ್ಳಿ.

ಕೋರ್ಸ್ ಬೇಸಿಗೆಯಲ್ಲೂ ಮಳೆಗಾಲ ಮುಗಿದ ಮೇಲೂ ಇರುತ್ತೆ. ಸೆಪ್ಟೆಂಬರ್ ಬ್ಯಾಚ್ ಸಿಕ್ಕಿದ್ರೆ ಅರೇಬಿಕಾ ಹಣ್ಣಾಗೋಷ್ಟರಲ್ಲಿ ವಾಪಸ್ ಇರ್ತೀರಿ. ಸೀಟು ಬೇಗ ತುಂಬುತ್ತೆ, ಅರ್ಜಿ ತಡ ಮಾಡಬೇಡಿ.

ಕಕ್ಕಬ್ಬೆ ಹುಡುಗ
ಥ್ಯಾಂಕ್ಸ್ ಸರ್, ಥ್ಯಾಂಕ್ಸ್ ಅಕ್ಕ. ನಮ್ಮದು ರೋಬಸ್ಟಾನೇ ಜಾಸ್ತಿ, ಜನವರಿವರೆಗೆ ತೊಂದರೆ ಇಲ್ಲ. ಕೋರ್ಸ್ ಶುರುವಾಗೋವರೆಗೆ ತಯಾರಿಗೆ ತಡಿಯಂಡಮೋಳ್ ಸಾಕಾಗುತ್ತಾ?

ನಿವೃತ್ತ ಸುಬೇದಾರ್, ಮಡಿಕೇರಿ
ಧಾರಾಳ ಸಾಕು. ಬ್ಯಾಗಿಗೆ ಹದಿನೈದು ಕೆಜಿ ತುಂಬ್ಕೊಂಡು ಹತ್ತು. ಕಲ್ಲು ಬೇಡ, ನೀರಿನ ಬಾಟಲಿ ತುಂಬು. ತುದೀಲಿ ನೀರು ಚೆಲ್ಲಿ ಇಳಿದ್ರೆ ಮಂಡಿ ಉಳಿಯುತ್ತೆ. ಖಾಲಿ ಬಾಟಲಿ ಮಾತ್ರ ವಾಪಸ್ ತಾ, ಅಲ್ಲಿ ಈಗಾಗ್ಲೇ ಬೇಕಾದಷ್ಟು ಬಿದ್ದಿದೆ. ಪಕ್ಕದವನ ಜೊತೆ ಮಾತಾಡ್ತಾ ಹೋಗೋ ವೇಗದಲ್ಲಿ ಹತ್ತು, ಅದಕ್ಕಿಂತ ಜೋರು ಬೇಡ. ಮಳೆ ಹಿಡಿದ ಮೇಲೆ ಕೊನೆ ಏರು ಜಾರುತ್ತೆ, ಆಗ ಮನೆ ಮೆಟ್ಟಿಲೇ ಸಾಕು. ಅರ್ಜಿ ಜೊತೆ ಡಾಕ್ಟರ್ ಸರ್ಟಿಫಿಕೇಟ್ ಕೇಳ್ತಾರೆ, ಬಿಪಿ ಈಗಲೇ ನೋಡಿಸು.