ವಿಂಡೋ ‘ಸೋರುತ್ತದೆಯೇ’? ಸೋರಿಕೆ, ಒತ್ತುವರಿ, ತೆರವು

ಹುಬ್ಬಳ್ಳಿಯಲ್ಲಿ ಮೊಬೈಲ್ ಆ್ಯಪ್ ಬರೆಯುವುದನ್ನು ಕನ್ನಡದಲ್ಲಿ ಕಲಿಸುತ್ತಿದ್ದೇನೆ. ಕೆಲಸ ಮುಗಿದರೂ ಆ್ಯಪ್ ಮೆಮೊರಿಯ ಜಾಗವನ್ನು ಬಿಟ್ಟುಕೊಡದಿರುವ ‘ಮೆಮೊರಿ ಲೀಕ್’ ಎಂಬ ದೋಷವನ್ನು ಟಿಪ್ಪಣಿಯಲ್ಲಿ ‘ಮೆಮೊರಿ ಸೋರಿಕೆ’ ಎಂದು ಬರೆದಿದ್ದೆ. ಕಳೆದ ವಾರ ಆ ಪದವೇ ಒಬ್ಬ ವಿದ್ಯಾರ್ಥಿಯ ದಾರಿ ತಪ್ಪಿಸಿತು.

‘ದಯವಿಟ್ಟು ಕಾಯಿರಿ’ ಎಂಬ ಡೈಲಾಗ್ (ಪರದೆಯ ಮೇಲೆ ಮೂಡುವ ಪುಟ್ಟ ಚೌಕಟ್ಟು) ತೆರೆದಿರುವಾಗ ಫೋನನ್ನು ಅಡ್ಡ ತಿರುಗಿಸಿದರೆ ಆ್ಯಪ್ ನಡೆದ ದಾಖಲೆಯಾದ ಲಾಗ್‌ನಲ್ಲಿ ಕೆಂಪು ಸಾಲು ಬರುತ್ತಿತ್ತು: ‘ಆಕ್ಟಿವಿಟಿ ಹ್ಯಾಸ್ ಲೀಕ್ಡ್ ವಿಂಡೋ’. ಆಕ್ಟಿವಿಟಿ ಎಂದರೆ ಆ್ಯಪ್‌ನ ಒಂದು ಪರದೆ, ವಿಂಡೋ ಎಂದರೆ ಇಲ್ಲಿ ಆ ಡೈಲಾಗ್‌ನ ಚೌಕಟ್ಟು. ಆಕ್ಟಿವಿಟಿಯು ವಿಂಡೋವನ್ನು ಸೋರಿಸಿದೆ ಎಂದು ಓದಿಕೊಂಡ ಅವನು ತೂತು ಎಲ್ಲಿದೆಯೆಂದು ಒಂದು ಗಂಟೆ ಹುಡುಕಿದ. ತೂತೇ ಇರಲಿಲ್ಲ. ಫೋನ್ ತಿರುಗಿದಾಗ ಆಂಡ್ರಾಯ್ಡ್ ಸಾಮಾನ್ಯವಾಗಿ ಹಳೆಯ ಆಕ್ಟಿವಿಟಿಯನ್ನು ಮುಗಿಸಿ ಹೊಸದನ್ನು ಕಟ್ಟುತ್ತದೆ. ಅವನ ಡೈಲಾಗ್ ಮುಚ್ಚುವ ಮೊದಲೇ ಆಕ್ಟಿವಿಟಿ ಮುಗಿದಿತ್ತು. ಹಿನ್ನೆಲೆಯಲ್ಲಿ ಓಡುತ್ತಿದ್ದ ಕೆಲಸ ಡೈಲಾಗನ್ನು ಹಿಡಿದಿತ್ತು, ಡೈಲಾಗ್ ಹಳೆಯ ಆಕ್ಟಿವಿಟಿಯನ್ನು ಹಿಡಿದಿತ್ತು. ಆ ಹಿಡಿತ ಸಡಿಲವಾಗುವ ತನಕ ಜಾಗ ಬೇರೆಯವರಿಗೆ ಸಿಗದು. ಆಕ್ಟಿವಿಟಿ ಮುಗಿಯುವಾಗ ಓಡುವ ಆನ್‌ಡಿಸ್ಟ್ರಾಯ್‌ನಲ್ಲಿ ಡೈಲಾಗ್ ಮುಚ್ಚಿ, ಹಿನ್ನೆಲೆಯ ಕೆಲಸವನ್ನು ರದ್ದು ಮಾಡಿದ ಮೇಲೆ ಸರಿಹೋಯಿತು. ಸ್ಕ್ವೇರ್ ಕಂಪನಿ 2015ರಲ್ಲಿ ಹೊರತಂದ ಲೀಕ್‌ಕ್ಯಾನರಿ ಎಂಬ ಸೋರಿಕೆ ಪತ್ತೆಯ ಸಾಧನ ಕೂಡ ತೋರಿಸುವುದು ಯಾವುದು ಯಾವುದನ್ನು ಹಿಡಿದಿದೆ ಎಂಬ ಸರಪಳಿಯನ್ನೇ.

ನಮ್ಮ ಕಡೆ ಮಾಳಿಗೆ ಸೋರುತ್ತದೆ, ಕೊಡ ಸೋರುತ್ತದೆ. ಸೋರಿದ್ದು ಹೊರಗೆ ಹೋಗುತ್ತದೆ. ಇಲ್ಲಿ ಆದದ್ದು, ಬಾಡಿಗೆಯವನು ಊರು ಬಿಟ್ಟರೂ ಕೋಣೆಗೆ ಕೀಲಿ ಜಡಿದು ಕೀಲಿಕೈ ಒಯ್ದ ಹಾಗೆ. ಮಾಲೀಕರ ಲೆಕ್ಕದಲ್ಲಿ ಒಂದು ಕೋಣೆ ಕಡಿಮೆಯಾಯಿತು, ನಿಜ. ಆದ್ದರಿಂದ ಒಟ್ಟು ಮೆಮೊರಿಯ ಮಾತು ಬಂದಾಗ ‘ಸೋರಿಕೆ’ ಇರಲಿ ಎನ್ನುತ್ತೇನೆ. ವಿಂಡೋವಿಗೆ ಮಾತ್ರ ಅದು ಒಗ್ಗುವುದಿಲ್ಲ.

‘ಮೆಮೊರಿ ಉಳಿಕೆ’ ಎಂದರೆ ಉಳಿತಾಯವೆಂದು ಕೇಳಿಸಿ ಅರ್ಥವೇ ತಲೆಕೆಳಗಾಗುತ್ತದೆ. ‘ಒತ್ತುವರಿ’ ಎಲ್ಲರಿಗೂ ಗೊತ್ತಿರುವ ಗಟ್ಟಿ ಪದ, ಆದರೆ ಅದು ಮೊದಲಿನಿಂದಲೂ ಹಕ್ಕಿಲ್ಲದ ಜಾಗಕ್ಕೆ ಸಲ್ಲುವಂಥದ್ದು. ಈ ವಿಂಡೋವಿಗೆ ಜಾಗ ಕ್ರಮಬದ್ಧವಾಗಿಯೇ ಸಿಕ್ಕಿತ್ತು. ನನಗೆ ಹಿಡಿಸಿರುವುದು ‘ತೆರವು’. ‘ವಿಂಡೋ ತೆರವಾಗಿಲ್ಲ’ ಎಂದೊಡನೆ ಏನು ಮಾಡಬೇಕೆಂಬುದೂ ಹೊಳೆಯುತ್ತದೆ: ತೆರವುಗೊಳಿಸಬೇಕು.

ತೊಡಕಿರುವುದು ನಾಮಪದದಲ್ಲಿ. ‘ತೆರವಾಗದಿರುವಿಕೆ’ ಬಾಯಲ್ಲಿ ಹೊರಳುವುದಿಲ್ಲ. ‘ತೆರವುಬಾಕಿ’ ಎಂದರೆ ನಡೆದೀತೇ? ಅವಧಿ ಮುಗಿದರೂ ಬಿಟ್ಟುಕೊಡದ ಹೊಲಕ್ಕೋ ಮನೆಗೋ ಗದಗ, ಹಾವೇರಿ ಕಡೆಯ ಹಿರಿಯರು ಹೇಳುವ ಒಂದೇ ಪದ ಇದ್ದರೆ, ಅದನ್ನು ಬಳಸುವ ವಾಕ್ಯದೊಂದಿಗೆ ದಯವಿಟ್ಟು ತಿಳಿಸಿ.