ಟಂಕಸಾಲೆಯಿಂದ ಬಂದ ಮೇಲೆ ಲೇಪ ಕೊಟ್ಟ ನಾಣ್ಯವನ್ನು ಗುರುತಿಸುವುದು ಹೇಗೆ? ಅನುಭವ ಇದ್ದವರು ತಿಳಿಸಿರಿ

ಪ್ರಶ್ನೆ (ಜಮಖಂಡಿಯಿಂದ):
ನಮ್ಮ ಅತ್ತೆಯವರ ಪೆಟ್ಟಿಗೆಯಲ್ಲಿ ಬಂಗಾರದ ಬಣ್ಣದ ಎರಡು ನಾಣ್ಯಗಳು ಸಿಕ್ಕಿವೆ. ಒಂದು 1918ರ ಒಂದು ರೂಪಾಯಿ, ಇನ್ನೊಂದು 1936ರ ಕಾಲಾಣೆ. ಎರಡರ ಮೇಲೂ ಐದನೆಯ ಜಾರ್ಜ್ ದೊರೆಯ ಮುಖವಿದೆ. ಟಂಕಸಾಲೆಯಲ್ಲಿಯೇ ತಪ್ಪಿ ಬಂಗಾರದಲ್ಲಿ ಅಚ್ಚಾದವು ಎಂದು ಒಬ್ಬರು ಹೇಳಿದರೆ, ಬರೀ ಗಿಲೀಟು ಎಂದು ಮತ್ತೊಬ್ಬರು ಹೇಳುತ್ತಾರೆ. ನಾಣ್ಯಕ್ಕೆ ಧಕ್ಕೆಯಾಗದಂತೆ ತಿಳಿಯುವ ದಾರಿ ಯಾವುದು?

ಉತ್ತರ (ಬೆಳಗಾವಿ, ಶಹಾಪುರ):
ಅಕ್ಕಾವರೇ, ಬಣ್ಣದ ಮಾತು ಆಮೇಲೆ ಇರಲಿ, ಮೊದಲು ತೂಕ ಮಾಡಿಸಿರಿ. 1918ರ ರೂಪಾಯಿಯ ತೂಕ ಒಂದು ತೊಲೆ, ಅಂದರೆ 11.66 ಗ್ರಾಂ, ಅದರಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಬೆಳ್ಳಿ. ಅದೇ ಅಳತೆಯ, ಅದೇ ದಪ್ಪದ ಬಿಲ್ಲೆ 22 ಕ್ಯಾರೆಟ್ ಬಂಗಾರದ್ದಾಗಿದ್ದರೆ ಸುಮಾರು 20 ಗ್ರಾಂ ತೂಗಬೇಕಾಗಿತ್ತು. ಕಾಲಾಣೆ ಕಂಚಿನದು, 4.86 ಗ್ರಾಂ, ಅದು ಬಂಗಾರದ್ದಾಗಿದ್ದರೆ ಒಂಬತ್ತು ಗ್ರಾಂ ಮೀರುತ್ತಿತ್ತು. ಬಂಗಾರದ ನೀರು ಕೊಟ್ಟರೆ ಮಾತ್ರ ತೂಕ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ, ಏಕೆಂದರೆ ರೂಪಾಯಿಯ ಎರಡೂ ಮುಖ ಮತ್ತು ಅಂಚಿಗೆ ಒಂದು ಮೈಕ್ರಾನ್ ದಪ್ಪದ ಬಂಗಾರ ಕೂತರೂ ಕೂಡುವುದು ಸುಮಾರು 0.03 ಗ್ರಾಂ. 1918ರಲ್ಲಿ ಮುಂಬಯಿಯಲ್ಲಿ ಬಂಗಾರದ ರೂಪಾಯಿ ನಾಣ್ಯ ಅಚ್ಚಾದದ್ದು ನಿಜ, ಆದರೆ ಅದರ ಮೇಲೆ 15 ರೂಪಾಯಿ ಎಂದೇ ಬರೆದಿರುತ್ತದೆ ಮತ್ತು ಅದರ ತೂಕ 7.98 ಗ್ರಾಂ.

ತೂಕದ ನಂತರ ಭೂತಗನ್ನಡಿ ಹಿಡಿದು ಸವೆತವನ್ನು ನೋಡಿರಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಿಕೆಯ ಸಾಕ್ಷಿ ಇದೇ. ಚಲಾವಣೆಯಲ್ಲಿ ತಿರುಗಾಡಿದ ನಾಣ್ಯದ ಮೇಲೆ ಗೀರು, ಜಜ್ಜು, ಅಕ್ಷರದ ಸಂದಿಯಲ್ಲಿ ಕೂತ ಕೊಳೆ ಇರುತ್ತವೆ. ಲೇಪ ಆಮೇಲೆ ಬಂದದ್ದಾದರೆ ಆ ಹಳೆಯ ಗೀರಿನ ಒಳಗೂ ಬಂಗಾರದ ಬಣ್ಣ ಇಳಿದಿರುತ್ತದೆ, ಕೊಳೆಯ ಮೇಲೆ ಅದು ಸಣ್ಣ ಗುಳ್ಳೆಯಾಗಿ ಎದ್ದಿರುತ್ತದೆ ಅಥವಾ ಹಕ್ಕಳೆಯಾಗಿ ಕಿತ್ತಿರುತ್ತದೆ. ದೊರೆಯ ಕಿರೀಟ, ಕೆನ್ನೆ, ಅಂಚಿನ ಹಲ್ಲುಗಳ ತುದಿ ಇವು ಮೊದಲು ಸವೆಯುವ ಜಾಗಗಳಾದ್ದರಿಂದ ಅಲ್ಲಿ ಒಳಗಿನ ಬೆಳ್ಳಿಯ ಬಿಳುಪು ಅಥವಾ ಕಂಚಿನ ಕೆಂಪು ಇಣುಕುತ್ತದೆ. ಹೊಳಪಿನಲ್ಲಿಯೂ ವ್ಯತ್ಯಾಸವಿದೆ: ಅಚ್ಚಿನ ಒತ್ತಡದಲ್ಲಿ ಲೋಹ ಹರಿದು ಮೂಡಿದ ಮೂಲ ಹೊಳಪು, ನಾಣ್ಯವನ್ನು ಬೆಳಕಿನಲ್ಲಿ ಓರೆ ಮಾಡಿದಾಗ ಗಾಲಿಯ ಅರಗಳ ಹಾಗೆ ಸುತ್ತುತ್ತದೆ, ಲೇಪದ ಹೊಳಪು ಯಾವ ಕಡೆಯಿಂದ ನೋಡಿದರೂ ಒಂದೇ ಸಮನಾಗಿ ನಿಂತಿರುತ್ತದೆ.

ಉತ್ತರ (ವಿಜಯಪುರದಿಂದ):
ಮೇಲಿನ ಹಿರಿಯರ ಮಾತಿಗೆ ಚುಂಬಕವನ್ನೂ ಸೇರಿಸುತ್ತೇನೆ. 1947ರ ರೂಪಾಯಿಗಳು ನಿಕ್ಕಲ್‌ನವು; ಬೆಳ್ಳಿಯ ಬಣ್ಣ ನೋಡಿ ಕೊಳ್ಳುವವರು ಚುಂಬಕ ಹಿಡಿದರೆ ಸಾಕು, ಅವು ತಟ್ಟನೆ ಅಂಟುತ್ತವೆ. ಅಮೆರಿಕದ 1943ರ ಉಕ್ಕಿನ ಸೆಂಟಿಗೆ ತಾಮ್ರದ ಲೇಪ ಕೊಟ್ಟು ಅಪರೂಪದ ತಾಮ್ರದ ನಾಣ್ಯವೆಂದು ಮಾರುವ ಮೋಸವೂ ಚುಂಬಕದಿಂದಲೇ ಬಯಲಾಗುತ್ತದೆ. ಆದರೆ ತಾಮ್ರ, ಹಿತ್ತಾಳೆ, ಕಂಚು ಯಾವುವೂ ಅಂಟುವುದಿಲ್ಲವಾದ್ದರಿಂದ, ಚುಂಬಕಕ್ಕೆ ಅಂಟಲಿಲ್ಲ ಎಂಬ ಒಂದೇ ಕಾರಣಕ್ಕೆ ಬೆಳ್ಳಿ ಅಥವಾ ಬಂಗಾರ ಎಂದು ತೀರ್ಮಾನಿಸಬಾರದು. ನಮ್ಮ ಊರಲ್ಲಿ ಆದಿಲಶಾಹಿ ನಾಣ್ಯ ಕೊಳ್ಳುವವರಿಗೂ ಒಂದು ಮಾತು: ಆ ಕಾಲದ ತಾಮ್ರದ ನಾಣ್ಯಗಳು ಧಾರಾಳವಾಗಿ ಸಿಗುತ್ತವೆ, ಬೆಳ್ಳಿಯಲ್ಲಿ ಹೆಸರಾದದ್ದು ಎರಡನೆಯ ಅಲಿ ಆದಿಲಶಹಾನ ಕಾಲದ, ತಂತಿಯನ್ನು ಮಡಿಚಿ ಅಚ್ಚೊತ್ತಿದ ಲಾರಿನ್. ದುಂಡನೆಯ ಬೆಳ್ಳಿ ನಾಣ್ಯವೆಂದು ಯಾರಾದರೂ ತೋರಿಸಿದರೆ, ಮೊದಲು ಅದರ ಅಂಚಿನಲ್ಲಿ ತಾಮ್ರ ಕಾಣುತ್ತದೆಯೇ ಎಂದು ಹುಡುಕಿರಿ.

ಮರುಪ್ರಶ್ನೆ (ಜಮಖಂಡಿಯಿಂದ):
ತೂಕ ಮಾಡಿಸಿದೆವು. ರೂಪಾಯಿ 11.6 ಗ್ರಾಂ, ಕಾಲಾಣೆ 4.8 ಗ್ರಾಂ ಬಂದಿದೆ. ರೂಪಾಯಿಯ ಅಂಚಿನಲ್ಲಿ, ಕಿರೀಟದ ನೇರಕ್ಕೆ, ಹಲ್ಲುಗಳು ಮುಚ್ಚಿಹೋಗಿ ಸಣ್ಣ ಉಬ್ಬು ಇದೆ. ಹಾಲ್‌ಮಾರ್ಕ್ ಕೇಂದ್ರದ ಯಂತ್ರದಲ್ಲಿಯೂ ತೋರಿಸಬೇಕೇ?

ಉತ್ತರ (ಬಾಗಲಕೋಟೆಯಿಂದ):
ತೋರಿಸಬಹುದು, ಆದರೆ ಆ ಯಂತ್ರ ಎಕ್ಸ್‌ರೇ ಬಿಟ್ಟು ಓದುವುದು ತೀರ ತೆಳುವಾದ ಮೇಲ್ಪದರವನ್ನು. ಲೇಪ ದಪ್ಪವಾಗಿದ್ದರೆ ಅದನ್ನೇ ಒಳಗಿನ ಲೋಹವೆಂದು ತೋರಿಸಬಹುದು. ಒರೆಗಲ್ಲಿನ ಕಥೆಯೂ ಅದೇ, ಮೇಲಾಗಿ ನಾಣ್ಯಕ್ಕೆ ಗೀರು ಬೀಳುತ್ತದೆ. ಅದಕ್ಕಿಂತ ನೀರಿನ ಪರೀಕ್ಷೆ ಒಳ್ಳೆಯದು. ತೂಕದ ಯಂತ್ರದ ಮೇಲೆ ನೀರಿನ ಲೋಟ ಇಟ್ಟು, ಅಂಕಿಯನ್ನು ಸೊನ್ನೆಗೆ ತಂದು, ನಾಣ್ಯವನ್ನು ದಾರಕ್ಕೆ ಕಟ್ಟಿ ತಳಕ್ಕೆ ತಾಗದಂತೆ ಮುಳುಗಿಸಿರಿ. 11.66 ಗ್ರಾಂನ ಬೆಳ್ಳಿ ರೂಪಾಯಿಯಾದರೆ ಅಂಕಿ ಸುಮಾರು 1.13 ತೋರಿಸುತ್ತದೆ, ಅಷ್ಟೇ ತೂಕದ ತಾಮ್ರದ ನಕಲಿಯಾದರೆ 1.3ರ ಹತ್ತಿರ ಹೋಗುತ್ತದೆ.

ಉತ್ತರ (ಬೆಳಗಾವಿ, ಶಹಾಪುರ):
ಅಕ್ಕಾವರೇ, ಈ ತೂಕಕ್ಕೆ ಎರಡೂ ಬಂಗಾರದವಲ್ಲ. ಆ ಉಬ್ಬು ಬೆಸುಗೆಯ ಗುರುತು ಎಂದು ನನ್ನ ಅಭಿಪ್ರಾಯ. ಸರಕ್ಕೆ ಪೋಣಿಸಲು ಪತ್ತಾರರಿಂದ ಕೊಂಡಿ ಹಚ್ಚಿಸಿ, ಬಂಗಾರದ ನೀರು ಕೊಡಿಸುವುದು ನಮ್ಮ ಕಡೆ ಇದ್ದ ರೂಢಿಯೇ. ಹೀಗಾಗಿ ಇದರಲ್ಲಿ ಯಾರನ್ನೋ ಮೋಸಗೊಳಿಸುವ ಉದ್ದೇಶ ಇದ್ದಿರಲಿಕ್ಕಿಲ್ಲ. ಸಂಗ್ರಾಹಕರು ಇದಕ್ಕೆ ಕಡಿಮೆ ಬೆಲೆ ಕಟ್ಟುತ್ತಾರೆ, ಆದರೂ ರೂಪಾಯಿಯೊಳಗಿನ ಬೆಳ್ಳಿಯ ಬೆಲೆ ಎಲ್ಲಿಗೂ ಹೋಗುವುದಿಲ್ಲ. ದಯವಿಟ್ಟು ಆಸಿಡ್ ಹಾಕಿ ಲೇಪ ತೆಗೆಸಬೇಡಿರಿ. ಕೆಳಗಿನ ಮೂಲ ಮೈ ಮರಳಿ ಬರುವುದಿಲ್ಲ, ಇರುವ ವಿವರಗಳೂ ಅಳಿಸುತ್ತವೆ. ಮಾರುವುದಾದರೆ ಲೇಪ ಮತ್ತು ಬೆಸುಗೆ ಎರಡನ್ನೂ ಕೊಳ್ಳುವವರಿಗೆ ಮೊದಲೇ ತಿಳಿಸಿರಿ.