ಓದುಗರ ಸ್ಪಂದನ: ಊರಲ್ಲಿ ನೀವೊಬ್ಬರೇ ಆದಾಗ

ಕಳೆದ ಸಲದ ಪ್ರಶ್ನೆ: ನಾನು ಫಿಸಿಯೋಥೆರಪಿ ಓದಿದವಳು. ಬೆಂಗಳೂರಿನಲ್ಲಿ ಪಾದದ ಆರೈಕೆಯ ತರಬೇತಿ ಮುಗಿಸಿ ಎರಡು ವರ್ಷದ ಹಿಂದೆ ಗಂಗಾವತಿಯಲ್ಲಿ ಚಿಕ್ಕದೊಂದು ಕ್ಲಿನಿಕ್ ಹಾಕಿದೆ. ಸಕ್ಕರೆ ಕಾಯಿಲೆಯವರೇ ಜಾಸ್ತಿ ಬರುತ್ತಾರೆ. ಪಾದ ಚಿಕಿತ್ಸಕರ ಸಂಘಕ್ಕೆ ಸೇರು ಅಂತ ಜೊತೆಗೆ ಕಲಿತವರು ಹೇಳುತ್ತಿದ್ದಾರೆ. ಸದಸ್ಯತ್ವದ ದುಡ್ಡು ಬೇರೆ, ಸಮ್ಮೇಳನಕ್ಕೆ ಹೋದರೆ ಬಸ್ಸು, ಲಾಡ್ಜು, ಎರಡು ದಿನ ಕ್ಲಿನಿಕ್ ಬಂದ್. ಸಂಘದಿಂದ ಒಬ್ಬ ಪೇಷಂಟೂ ಬರಲ್ಲ, ಸುಮ್ನೆ ಖರ್ಚು ಅಂತಾರೆ ಮನೆಯವರು. ಸೇರಲಾ, ಬೇಡವಾ?

ಓದುಗರ ಉತ್ತರಗಳು:

ಫಿಸಿಯೋಥೆರಪಿಸ್ಟ್, ಸಿಂಧನೂರು

ಸೇರಿ ತಂಗಿ. ಮನೆಯವರು ಹೇಳುವುದೂ ಸುಳ್ಳಲ್ಲ, ಸಂಘ ಪೇಷಂಟ್ ಕಳಿಸುವುದಿಲ್ಲ. ಆದರೆ ಬಂದ ಪೇಷಂಟ್ ಎದುರು ಕೂತಾಗ, ನಿಮಗೆ ಏನೂ ತೋಚದೇ ಇದ್ದಾಗ, ಯಾರಿಗೆ ಫೋನ್ ಮಾಡುತ್ತೀರಿ? ನಾನು ಇಲ್ಲಿ ಹನ್ನೊಂದು ವರ್ಷದಿಂದ ಇದ್ದೀನಿ. ಮೊದಲ ನಾಲ್ಕು ವರ್ಷ ಯಾವ ಸಂಘದಲ್ಲೂ ಇರಲಿಲ್ಲ. ಆಗ ಎಷ್ಟು ತಪ್ಪು ಮಾಡಿದ್ದೀನೋ ನನಗೇ ಗೊತ್ತಿಲ್ಲ, ಯಾಕಂದರೆ ಅದು ತಪ್ಪು ಅಂತ ಹೇಳುವವರೇ ಪಕ್ಕದಲ್ಲಿರಲಿಲ್ಲ.

ಒಂದು ಕೇಸ್ ಹೇಳುತ್ತೀನಿ. ಕಾರಟಗಿ ಕಡೆಯ ರೈತರು, ಹದಿನೈದು ವರ್ಷದ ಸಕ್ಕರೆ ಕಾಯಿಲೆ. ನಾಟಿ ಮುಗಿದ ವಾರ ಬಂದಿದ್ದರು. ಎಡಪಾದ ಊದಿ ಕೆಂಪಾಗಿತ್ತು. ಎಲ್ಲೂ ಗಾಯ ಇಲ್ಲ. ಅಷ್ಟು ಊದಿದ್ದರೂ ನೋವು ಕಮ್ಮಿ. ಕೆಸರಲ್ಲಿ ನಿಂತು ನಂಜಾಗಿದೆ ಅಂತ ಎರಡು ಕಡೆ ಆಂಟಿಬಯೋಟಿಕ್ ಬರೆಸಿಕೊಂಡಿದ್ದರು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ನಾನೂ ನಂಜು ಅಂತಲೇ ಅಂದುಕೊಂಡೆ. ಆದರೂ ಯಾಕೋ ಮನಸ್ಸು ಒಪ್ಪಲಿಲ್ಲ. ಸಂಘದ ಸಭೆಯಲ್ಲಿ ಪರಿಚಯವಾಗಿದ್ದ ಹಿರಿಯ ಡಾಕ್ಟರೊಬ್ಬರಿಗೆ, ಆ ರೈತರನ್ನು ಕೇಳಿಕೊಂಡೇ, ಫೋಟೋ ಕಳಿಸಿದೆ. ಅವರು ಮೂರು ಪ್ರಶ್ನೆ ಕೇಳಿದರು. ಎರಡೂ ಪಾದದ ಬಿಸಿ ಅಳೆದು ನೋಡಿದಿರಾ? ಮಾನೋಫಿಲಮೆಂಟ್, ಅಂದರೆ ಸ್ಪರ್ಶ ಇದೆಯಾ ಅಂತ ನೋಡುವ ನೈಲಾನ್ ದಾರ, ಒತ್ತಿದರೆ ಅವರಿಗೆ ಗೊತ್ತಾಗುತ್ತಾ? ಮಲಗಿಸಿ ಕಾಲು ಎತ್ತಿಟ್ಟರೆ ಕೆಂಪು ಇಳಿಯುತ್ತಾ? ಅಳೆದೆ. ಊದಿದ ಪಾದ ಇನ್ನೊಂದಕ್ಕಿಂತ ಮೂರು ಡಿಗ್ರಿ ಜಾಸ್ತಿ ಬಿಸಿ ಇತ್ತು. ಹತ್ತು ಗ್ರಾಂ ಒತ್ತಡದ ಆ ದಾರ ಅಂಗಾಲಿಗೆ ಒತ್ತಿದರೆ ಅವರು ಮೇಲೆ ಫ್ಯಾನ್ ನೋಡುತ್ತಾ, ‘ಯಾವಾಗ ಒತ್ತುತ್ತೀರಿ ಮೇಡಂ?’ ಅಂದರು. ನಾನಾಗಲೇ ನಾಲ್ಕು ಸಲ ಒತ್ತಿ ಆಗಿತ್ತು. ಕಾಲೆತ್ತಿ ಮಲಗಿಸಿದ ಸ್ವಲ್ಪ ಹೊತ್ತಿಗೆ ಕೆಂಪೂ ಇಳಿಯಿತು.

ಅದು ಶಾರ್ಕೋ ಪಾದ. ನರ ಸತ್ತ ಪಾದದ ಮೂಳೆಗಳು ಒಳಗೊಳಗೇ ಮುರಿಯುತ್ತಾ ಹೋಗುತ್ತವೆ, ನೋವು ಗೊತ್ತಾಗದೇ ಇರುವುದರಿಂದ ಮನುಷ್ಯ ಅದರ ಮೇಲೇ ನಡೆಯುತ್ತಾನೆ. ಮೊದಮೊದಲು ಎಕ್ಸ್‌ರೇ ಸರಿಯಾಗೇ ಕಾಣಬಹುದು. ಇನ್ನೊಂದು ತಿಂಗಳು ಅವರು ಗದ್ದೆಯಲ್ಲಿ ಓಡಾಡಿದ್ದರೆ ಪಾದದ ಕಮಾನು ಕುಸಿದು, ತಳ ದೋಣಿ ಹಾಗೆ ಉಬ್ಬಿ, ಅಲ್ಲಿ ಹುಣ್ಣಾಗಿ, ಕೊನೆಗೆ ಕಾಲು ತೆಗೆಯುವ ಮಾತು ಬರುತ್ತಿತ್ತು. ಮರುದಿನವೇ ಬಳ್ಳಾರಿಗೆ ಕಳಿಸಿ ಮೊಣಕಾಲಿನ ತನಕ ಕಾಸ್ಟ್, ಅಂದರೆ ಪ್ಲಾಸ್ಟರಿನಂಥ ಗಟ್ಟಿ ಕಟ್ಟು, ಹಾಕಿಸಿದೆವು. ಅಂಗಾಲಿನ ಭಾರ ಎಲ್ಲಾ ಕಡೆ ಹಂಚಿಕೊಳ್ಳುವ ಆ ಕಾಸ್ಟ್ ಜಗತ್ತಿಗೆಲ್ಲ ಹಬ್ಬಿದ್ದು ವೆಲ್ಲೂರಿನಲ್ಲಿ ಕುಷ್ಠ ರೋಗಿಗಳ ಕೈಕಾಲು ನೋಡುತ್ತಿದ್ದ ಪಾಲ್ ಬ್ರ್ಯಾಂಡ್ ಅವರಿಂದ. ಇದನ್ನೂ ನಾನು ಕೇಳಿದ್ದು ಸಂಘದ ಸಭೆಯಲ್ಲೇ. ಆ ರೈತರು ತಿಂಗಳುಗಟ್ಟಲೆ ಕಾಸ್ಟ್‌ನಲ್ಲಿದ್ದರು, ಬೇಜಾರಾಗಿ ನನ್ನನ್ನು ಬೈದದ್ದೂ ಇದೆ. ಈಗ ಹೋದ ಬೇಸಿಗೆಯಲ್ಲಿ ಮಗಳ ಮದುವೆಯಲ್ಲಿ ಎರಡೂ ಕಾಲ ಮೇಲೆ ನಿಂತು ಅಕ್ಷತೆ ಹಾಕಿದರು.

ಪುಸ್ತಕದಲ್ಲಿ ಶಾರ್ಕೋ ನಾನೂ ಓದಿದ್ದೆ. ಪರೀಕ್ಷೆಗೆ ಬರೆದೂ ಇದ್ದೆ. ಎದುರಿಗೆ ಬಂದಾಗ ಗುರುತು ಹಿಡಿಯಲು ಇನ್ನೊಬ್ಬರ ಕಣ್ಣು ಬೇಕಾಯಿತು. ಸದಸ್ಯತ್ವದ ದುಡ್ಡಿಗೆ ಸಿಗುವುದು ಅದು. ಡಯಾಬಿಟಿಕ್ ಪಾದದ ಅಂತರರಾಷ್ಟ್ರೀಯ ಮಾರ್ಗಸೂಚಿ 2023ರಲ್ಲಿ ಹೊಸದಾಗಿ ಬಂತು, ಯಾರು ಬೇಕಾದರೂ ಪುಕ್ಕಟೆ ಓದಬಹುದು. ಸ್ಪರ್ಶ, ರಕ್ತ ಓಡಾಟ ಎರಡೂ ಚೆನ್ನಾಗಿದ್ದವರ ಪಾದ ವರ್ಷಕ್ಕೊಮ್ಮೆ ನೋಡಿದರೆ ಸಾಕು, ಒಮ್ಮೆ ಹುಣ್ಣಾಗಿ ವಾಸಿಯಾದವರನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ ನೋಡಲೇಬೇಕು ಅಂತ ಅದರಲ್ಲಿದೆ. ಆದರೆ ಮಸ್ಕಿಯಿಂದ ಕೂಲಿ ಬಿಟ್ಟು ಬರುವ ಹೆಂಗಸನ್ನು ತಿಂಗಳಿಗೊಮ್ಮೆ ಬರುವ ಹಾಗೆ ಒಪ್ಪಿಸುವುದು ಹೇಗೆ ಅನ್ನುವುದು ಅದರಲ್ಲಿಲ್ಲ. ಅದನ್ನು ಕಲಬುರಗಿಯವರು, ವಿಜಯಪುರದವರು ತಾವು ಏನು ಮಾಡಿದೆವು ಅಂತ ಊಟದ ಹೊತ್ತಲ್ಲಿ ಹೇಳಿದಾಗಲೇ ತಿಳಿಯೋದು.

ಚಪ್ಪಲಿ ಮಾಡುವವರು, ಬಳ್ಳಾರಿ

ನಾನು ಡಾಕ್ಟರಲ್ಲ, ಸದಸ್ಯನೂ ಅಲ್ಲ. ಆದರೂ ಬರೆಯಬೇಕು ಅನ್ನಿಸಿತು. ನಮ್ಮದು ಅಪ್ಪನ ಕಾಲದಿಂದ ಚರ್ಮದ ಕೆಲಸ. ಆರು ವರ್ಷದ ಹಿಂದೆ ಪಾದದ ಡಾಕ್ಟರುಗಳ ಒಂದು ಶಿಬಿರಕ್ಕೆ ನನ್ನನ್ನೂ ಕರೆದಿದ್ದರು. ಅಲ್ಲೇ ಮೊದಲ ಸಲ ಎಂಸಿಆರ್ ಹಾಳೆ, ಅಂದರೆ ಚಪ್ಪಲಿಯೊಳಗೆ ಹಾಕುವ ಮೆತ್ತನೆ ರಬ್ಬರ್, ಕೈಯಲ್ಲಿ ಹಿಡಿದು ನೋಡಿದ್ದು. ಹೆಬ್ಬೆರಳಲ್ಲಿ ಒತ್ತಿದರೆ ತಗ್ಗು ಬೀಳಬೇಕು, ಬಿಟ್ಟರೆ ಮತ್ತೆ ಮೇಲೆ ಬರಬೇಕು. ಕೆಳಗಿನ ತಳ ಮಾತ್ರ ಗಟ್ಟಿ ಇರಬೇಕು. ಮೊಳೆ ಹೊಡೆಯಲೇಬಾರದು, ಅಂಟು ಮತ್ತು ಹೊಲಿಗೆ ಅಷ್ಟೇ. ನಾನು ಅಲ್ಲಿಯ ತನಕ ಮೊಳೆ ಹೊಡೆದೇ ಕೊಡುತ್ತಿದ್ದೆ. ಸ್ಪರ್ಶ ಇಲ್ಲದವರ ಅಂಗಾಲಿಗೆ ಮೊಳೆ ಏರಿದರೆ ಸಂಜೆ ಚಪ್ಪಲಿಯಲ್ಲಿ ರಕ್ತ ಕಂಡಾಗಲೇ ಅವರಿಗೆ ತಿಳಿಯುವುದು ಅಂತ ಅಲ್ಲಿ ಹೇಳಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈಗ ಕಾಗದದ ಮೇಲೆ ಪಾದ ಇಡಿಸಿ, ಪೆನ್ಸಿಲ್ ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆದು, ಹುಣ್ಣಾಗಿದ್ದ ಜಾಗಕ್ಕೆ ಗುರುತು ಹಾಕಿಕೊಂಡೇ ಅಳತೆ ತೆಗೆಯುತ್ತೇನೆ. ಹಿಮ್ಮಡಿಯ ಹಿಂದೆ ಪಟ್ಟಿ ಇಲ್ಲದ ಚಪ್ಪಲಿ ಆ ಪೇಷಂಟುಗಳಿಗೆ ಕೊಡುವುದಿಲ್ಲ. ನೀವು ಸಂಘಕ್ಕೆ ಸೇರಿದರೆ ನಮ್ಮಂಥವರನ್ನೂ ಕರೆಯುವಂತೆ ಹೇಳಿ ಅಮ್ಮಾ.

ಪೇಷಂಟ್ ಮಗ, ರಾಯಚೂರು

ನಮ್ಮ ತಂದೆಯ ಅಂಗಾಲಿನ ಆಣಿಯನ್ನು ಬ್ಲೇಡಿನಲ್ಲಿ ಕೆತ್ತಿದವನ ಬೋರ್ಡಿನ ಮೇಲೆ ಪಾದ ತಜ್ಞ ಅಂತಲೇ ಬರೆದಿತ್ತು. ಎರಡು ಬೆರಳು ಹೋದವು. ಆಮೇಲೆ ಸರಿಯಾದವರನ್ನು ಹುಡುಕಲು ಯಾರನ್ನು ಕೇಳಬೇಕು ಅಂತಲೂ ಗೊತ್ತಿರಲಿಲ್ಲ. ಕೊನೆಗೆ ಒಂದು ಸಂಘದ ಸದಸ್ಯರ ಪಟ್ಟಿಯಿಂದಲೇ ಒಬ್ಬರು ಸಿಕ್ಕರು. ನಮ್ಮ ಸುತ್ತಿನ ಮೂರು ಜಿಲ್ಲೆಯಿಂದ ಆ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ, ಬೆಂಗಳೂರಿಗೆ ಹೋಗಿ ಬಂದೆವು. ನಿಮ್ಮ ಹೆಸರು ಅಲ್ಲಿದ್ದಿದ್ದರೆ ಗಂಗಾವತಿಗೇ ಬರುತ್ತಿದ್ದೆವು. ಒಬ್ಬ ಪೇಷಂಟೂ ಬರಲ್ಲ ಅನ್ನುವವರಿಗೆ ಇದನ್ನು ಓದಿ ಹೇಳಿ.

ನಿವೃತ್ತ ಲೆಕ್ಕ ಪರಿಶೋಧಕ, ಕೊಪ್ಪಳ

ಸೇರುವ ಮೊದಲು ಬೈಲಾ ಕೇಳಿ ಓದಿ. ಪಾದದ ಡಾಕ್ಟರುಗಳ ಸಂಘಗಳು ನಮ್ಮ ದೇಶದಲ್ಲಿ ಒಂದಲ್ಲ: ಇಂಡಿಯನ್ ಪೊಡಿಯಾಟ್ರಿ ಅಸೋಸಿಯೇಷನ್ ಇದೆ, ಡಯಾಬಿಟಿಕ್ ಫುಟ್ ಸೊಸೈಟಿ ಆಫ್ ಇಂಡಿಯಾ ಇದೆ. ಫಿಸಿಯೋ ಓದಿದವರಿಗೆ ಪೂರ್ತಿ ಸದಸ್ಯತ್ವವೋ, ಬರೀ ಸಹ ಸದಸ್ಯತ್ವವೋ? ಮತ ಹಾಕಬಹುದಾ? ಇದನ್ನು ಬರವಣಿಗೆಯಲ್ಲೇ ಕೇಳಿ. ನಮ್ಮ ರಾಜ್ಯದಲ್ಲಿ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘ ವರ್ಷ ವರ್ಷ ಸಭೆ ನಡೆಸಬೇಕು, ಲೆಕ್ಕ ಒಪ್ಪಿಸಬೇಕು. ಲೆಕ್ಕ ತೋರಿಸಿ ಅಂದರೆ ಮುಖ ಗಂಟು ಹಾಕುವ ಕಡೆ ದುಡ್ಡು ಕಟ್ಟಬೇಡಿ.

ಇನ್ನೊಂದು ಮಾತು. ಸದಸ್ಯತ್ವದ ಸರ್ಟಿಫಿಕೇಟು ಲೈಸೆನ್ಸ್ ಅಲ್ಲ. ಕ್ಲಿನಿಕ್ಕಿಗೆ ಕೆಪಿಎಂಇ, ಅಂದರೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ, ನೋಂದಣಿ ಬೇರೆಯೇ ಬೇಕು. ಫಿಸಿಯೋದಂಥ ಆರೋಗ್ಯ ವೃತ್ತಿಗಳಿಗೆ 2021ರಲ್ಲಿ ಬಂದ ಅಲೈಡ್ ಹೆಲ್ತ್ ಕಾಯ್ದೆಯ ಪಟ್ಟಿಯಲ್ಲಿ ಪೊಡಿಯಾಟ್ರಿಸ್ಟ್, ಅಂದರೆ ಪಾದ ಚಿಕಿತ್ಸಕ, ಅನ್ನುವ ಹೆಸರೂ ಇದೆ. ಹೆಸರು ಬಂದರೆ ಸಾಕೇ? ಯಾರು ಏನು ಓದಿರಬೇಕು, ಯಾವ ಕೆಲಸ ಮಾಡಬಹುದು ಅಂತ ತೀರ್ಮಾನ ಮಾಡುವಾಗ ಸರ್ಕಾರ ಒಬ್ಬೊಬ್ಬರ ಅರ್ಜಿ ಓದುತ್ತಾ ಕೂರುವುದಿಲ್ಲ, ಸಂಘ ಕೊಟ್ಟ ಮನವಿ ಓದುತ್ತದೆ. ಗಂಗಾವತಿಯ ಕಷ್ಟ ಆ ಮನವಿಯಲ್ಲಿ ಇರಬೇಕಾದರೆ ಗಂಗಾವತಿಯವರೊಬ್ಬರು ಒಳಗಿರಬೇಕು, ಅಲ್ವಾ?

ನರ್ಸ್, ಮೂಲ ಮಾನ್ವಿ, ಈಗ ಇಂಗ್ಲೆಂಡ್

ಇಲ್ಲಿ ನೋಂದಣಿ ಇಲ್ಲದೆ ಪೊಡಿಯಾಟ್ರಿಸ್ಟ್ ಅಂತ ಬೋರ್ಡ್ ಹಾಕುವುದು ಅಪರಾಧ. ರಾಯಲ್ ಕಾಲೇಜ್ ಆಫ್ ಪೊಡಿಯಾಟ್ರಿ ಅನ್ನುವುದು ಸಂಘವೂ ಹೌದು, ಕಾರ್ಮಿಕ ಯೂನಿಯನ್ನೂ ಹೌದು. ಪೇಷಂಟ್ ಕೇಸ್ ಹಾಕಿದರೆ ಕಾಯುವ ವಿಮೆ ಸದಸ್ಯತ್ವದ ಜೊತೆಗೇ ಬರುತ್ತದೆ. ನಿಮ್ಮಲ್ಲಿ ಹಾಗೆ ಬರುತ್ತದೆ ಅಂದುಕೊಳ್ಳಬೇಡಿ, ಕೇಳಿ ನೋಡಿ. ಇಲ್ಲ ಅಂದರೆ ಬೇರೆಯಾಗಿ ವಿಮೆ ಮಾಡಿಸಿ. ದುಡ್ಡು ತಗೊಂಡು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಅಂತ ನಮ್ಮ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿಬಿಟ್ಟಿದೆ.

ಗಾಯದ ಡ್ರೆಸ್ಸಿಂಗ್ ಮಾಡುವವಳು, ಕುಷ್ಟಗಿ

ಅಕ್ಕಾ, ನಿಮ್ಮ ಪತ್ರ ಓದಿ ಕಣ್ಣು ತುಂಬಿತು, ಇಷ್ಟು ಹತ್ತಿರದಲ್ಲಿ ನನ್ನ ಹಾಗೇ ಇನ್ನೊಬ್ಬರು ಇದ್ದಾರಲ್ಲ ಅಂತ. ಹುಲಿಗಿ ಜಾತ್ರೆ ಆದ ಮೇಲೆ ಬರಿಗಾಲಲ್ಲಿ ನಡೆದು ಬೊಬ್ಬೆ ಬಂದವರು ನನ್ನ ಹತ್ತಿರ ಸಾಲಾಗಿ ಬರುತ್ತಾರೆ, ಹನುಮಮಾಲೆ ಹೊತ್ತಲ್ಲಿ ನಿಮಗೂ ಹಾಗೇ ಇರಬೇಕು. ನಾನೂ ಹೋದ ವರ್ಷದಿಂದ ಸೇರಲಾ ಬೇಡವಾ ಅಂತ ಒದ್ದಾಡುತ್ತಿದ್ದೀನಿ. ಇಬ್ಬರೂ ಒಟ್ಟಿಗೆ ಅರ್ಜಿ ಹಾಕೋಣ. ಸಮ್ಮೇಳನಕ್ಕೆ ರಾತ್ರಿ ಬಸ್ಸಿಗೆ ಹೊರಟರೆ ಬೆಳಗ್ಗೆ ಬೆಂಗಳೂರು, ಲಾಡ್ಜಿನ ಬಾಡಿಗೆ ಅರ್ಧ ಅರ್ಧ. ನೀವು ಇಲ್ಲದ ಎರಡು ದಿನ ಯಾರಿಗಾದರೂ ಡ್ರೆಸ್ಸಿಂಗ್ ಬಿಡುವ ಹಾಗಿಲ್ಲ ಅಂದರೆ ಹೇಳಿ, ಆ ಸಲ ನಾನು ಉಳಿದುಕೊಂಡು ನಿಮ್ಮ ಪೇಷಂಟುಗಳನ್ನೂ ನೋಡುತ್ತೇನೆ, ನೀವು ಹೋಗಿ ಕಲಿತು ಬನ್ನಿ.